ಕಾಡುಮಣ್ಣಿಗೆ ಊರಿನ ಗೊಬ್ಬರ

ಕಾಡಿಗೆ ಗೊಬ್ಬರ ಹಾಕುವವರು ಯಾರು? ಉದುರಿದ ಎಲೆಯೇ ಅದರ ಗೊಬ್ಬರ. ಆ ಎಲೆಯನ್ನೆಲ್ಲ ಗುಡಿಸಿ ತಂದುಬಿಟ್ಟರೆ ಮರಕ್ಕೆ ಉಳಿಯುವುದೇನು? ಮಲೆನಾಡಿನ ಸೊಪ್ಪಿನ ಬೆಟ್ಟಗಳ ಮುಂದಿರುವ ಪ್ರಶ್ನೆ ಇದೇ. ಮಣ್ಣಿನಿಂದ ತೆಗೆದುದನ್ನು ಮಣ್ಣಿಗೇ ಮರಳಿಸಲು ನಡೆದ ಪ್ರಯತ್ನಗಳ ಕಥೆಯನ್ನು ಈಗ ಕೇಳೋಣ.

ಬೇರು ಬಲಿಯಬೇಕಾದರೆ, ಕಾಳು ಕಟ್ಟಬೇಕಾದರೆ ರಂಜಕ ಬೇಕು. ಮಳೆ ಹೆಚ್ಚಿರುವ ಸೀಮೆಯ ಹುಳಿ ಕೆಮ್ಮಣ್ಣಿನಲ್ಲಿ ರಂಜಕ ಇಲ್ಲವೆಂದಲ್ಲ. ಅಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ! ಎಲೆ, ಗೊಬ್ಬರ ಕೊಳೆಯುವಾಗ ಹುಟ್ಟುವ ಆಮ್ಲಗಳು ಆ ಹಿಡಿತವನ್ನು ಸಡಿಲಿಸುತ್ತವೆ. ಗೊಬ್ಬರದಲ್ಲೇ ಇರುವ ರಂಜಕವೂ ಮೆಲ್ಲಮೆಲ್ಲನೆ ಬೇರಿಗೆ ಸಿಗುತ್ತದೆ.

ಇನ್ನು ನಾವು ಉಂಡ ಅನ್ನದ ರಂಜಕ ಎಲ್ಲಿಗೆ ಹೋಗುತ್ತದೆ? ಪಟ್ಟಣಗಳಲ್ಲಾದರೆ ಚರಂಡಿಗೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಎಂಬಿಬ್ಬರು ಚರಂಡಿ ನೀರಿಗೆ ಗಾಳಿ ಊದಿ, ಅಣುಜೀವಿಗಳಿಂದ ಅದನ್ನು ಶುದ್ಧಿ ಮಾಡಿಸುವ ಕ್ರಮವನ್ನು ತೋರಿಸಿದರು. ತಳದಲ್ಲಿ ನಿಂತ ಗಸಿಯಲ್ಲಿ ಸಾರಜನಕವೂ ಇತ್ತು, ರಂಜಕವೂ ಇತ್ತು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯರು ಕಾಂಪೋಸ್ಟಿನ ‘ಬೆಂಗಳೂರು ಪದ್ಧತಿ’ಯನ್ನು ರೂಪಿಸಿದರು. ಗುಂಡಿಯಲ್ಲಿ ಊರಿನ ಕಸ ಒಂದು ಪದರ, ಮಲ ಒಂದು ಪದರ. ಮೇಲೆ ಮಣ್ಣಿನ ಮುಚ್ಚಿಗೆ. 6–8 ತಿಂಗಳಲ್ಲಿ ಗೊಬ್ಬರ ತಯಾರು. ಅಂದು ಆ ಮಲವನ್ನು ಮನುಷ್ಯರೇ ಹೊರುತ್ತಿದ್ದರು. ಆ ಅನ್ಯಾಯವನ್ನು ಕಾನೂನು ಈಗ ನಿಷೇಧಿಸಿದೆ. ಕಸ, ಸಗಣಿ, ಮಣ್ಣಿನ ಪದರದ ಪಾಠ ಮಾತ್ರ ಇಂದಿಗೂ ಉಪಯೋಗದ್ದೇ.

ಗಸಿಯನ್ನು ನೇರವಾಗಿ ಕಾಡಿಗೇ ಹಾಕಿ ನೋಡಿದವರೂ ಉಂಟು. 1973ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಮ್ಮ ಪ್ಯಾಕ್ ಅರಣ್ಯದಲ್ಲಿ ಸಿಯಾಟಲ್ ನಗರದ ಗಸಿಯ ಪರೀಕ್ಷೆಯನ್ನು ಶುರುಮಾಡಿದರು. ಜಲ್ಲಿ ತುಂಬಿದ ಬಡ ಮಣ್ಣಿನಲ್ಲೂ ಡಗ್ಲಸ್ ಫರ್ ಮರಗಳು ಚುರುಕಾಗಿ ಬೆಳೆದವು. ಆದರೆ ಎಳೆ ಸಸಿಗಳಿದ್ದ ಕಡೆ ಕಳೆಯೂ ಸೊಕ್ಕಿ ಬೆಳೆದು ಸಸಿಗಳಿಗೆ ತೊಂದರೆಯಾಯಿತು.

ಇಂಥ ಪರೀಕ್ಷೆಗಳಿಂದ ಕಲಿತದ್ದೇನು? ಕಬ್ಬಿಣದ ಇಲ್ಲವೆ ಅಲ್ಯೂಮಿನಿಯಂ ಲವಣ ಹಾಕಿ ಶುದ್ಧಿ ಮಾಡಿದ ಗಸಿಯಲ್ಲಿ ರಂಜಕ ಎಷ್ಟಿದ್ದರೂ ಬೇರಿಗೆ ಸಿಗುವುದು ಕಡಿಮೆ. ಸಾರಜನಕದ ಲೆಕ್ಕ ನೋಡಿ ಗಸಿ ಹಾಕಿದರೆ ರಂಜಕ ಮಿಗುತ್ತದೆ. ಮಳೆಗೆ ಮಣ್ಣಿನೊಡನೆ ಕೊಚ್ಚಿ ಕೆರೆ ಸೇರಿದರೆ ಪಾಚಿ ಹೆಚ್ಚುತ್ತದೆ. ಕಾರ್ಖಾನೆಯ ನೀರು ಬೆರೆತ ಗಸಿಯಲ್ಲಿ ಕ್ಯಾಡ್ಮಿಯಂನಂಥ ವಿಷಲೋಹಗಳೂ ಇರಬಹುದು.

ಆದ್ದರಿಂದ, ಪುಕ್ಕಟೆ ಸಿಕ್ಕಿತೆಂದು ಪರೀಕ್ಷೆ ಮಾಡಿಸದ ಗಸಿಯನ್ನು ಹೊಲಕ್ಕಾಗಲಿ ಬೆಟ್ಟಕ್ಕಾಗಲಿ ಸುರಿಯಬೇಡಿ. ನಿಮ್ಮ ಕೊಟ್ಟಿಗೆಯ ಗೊಬ್ಬರಕ್ಕೆ ಶಿಲಾರಂಜಕದ ಪುಡಿ ಸೇರಿಸಿ ಕಳಿಸಿರಿ. ಹುಳಿಮಣ್ಣಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಬೆಟ್ಟದಲ್ಲಿ ಒಂದು ಹಾಸು ದರಗನ್ನು ಹಾಗೆಯೇ ಬಿಟ್ಟು ಬನ್ನಿ. ನಾಳೆ ನಿಮ್ಮ ಮಕ್ಕಳ ತೋಟಕ್ಕೂ ಆ ಬೆಟ್ಟವೇ ಸೊಪ್ಪು ಕೊಡಬೇಕಲ್ಲವೆ?