ಉಮರಾಣಿ: ಗಡಿಯ ಒಂದು ಊರಿನ ನೆಲ ಮತ್ತು ಚರಿತ್ರೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿರುವ ಉಮರಾಣಿ ಎಂಬ ಊರಿನ ಹೆಸರು ಕೇಳಿದೊಡನೆ ಮರಾಠಿ ಇತಿಹಾಸದ ಓದುಗನಿಗೆ ನೆನಪಾಗುವುದು 1673ರ ಏಪ್ರಿಲ್ ತಿಂಗಳಲ್ಲಿ ನಡೆದ ಒಂದು ಕಾಳಗ. ವಿಜಯಪುರ, ಬಾಗಲಕೋಟೆಗಳ ಕನ್ನಡ ಭಕ್ತರಿಗೆ ಅದು ಗುಡ್ಡಾಪುರದ ದಾನಮ್ಮನ ತವರೂರು. ಒಂದೇ ಊರನ್ನು ಕುರಿತ ಈ ಎರಡು ನೆನಪುಗಳು ಎರಡು ಭಾಷೆಗಳ ಬರಹದಲ್ಲಿ ಬೇರೆಬೇರೆಯಾಗಿ ಬೆಳೆದಿವೆ. ಒಂದರ ವಿದ್ವಾಂಸರು ಇನ್ನೊಂದನ್ನು ಪ್ರಸ್ತಾಪಿಸುವುದು ಅಪರೂಪ. ಶರಣ ಚರಿತ್ರೆಯವರಿಗೆ ಕಾಳಗ ಬೇಕಿಲ್ಲ, ಯುದ್ಧ ಚರಿತ್ರೆಯವರಿಗೆ ಶರಣೆ ಬೇಕಿಲ್ಲ. ಊರಿಗೆ ಮಾತ್ರ ಎರಡೂ ತನ್ನವೇ.

ಉಮರಾಣಿ ಇರುವುದು ಜತ್ತ ಪಟ್ಟಣದ ದಕ್ಷಿಣದ ಬಯಲಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರವಾಗಿ. ಜತ್ತವು ಸಾಂಗಲಿ ಜಿಲ್ಲೆಯ ಅತಿ ವಿಸ್ತಾರವಾದ ತಾಲೂಕು. ಅಂತೆಯೇ ಅತಿ ಒಣ ತಾಲೂಕುಗಳಲ್ಲಿ ಒಂದು. ಇದೇ ಜಿಲ್ಲೆಯ ಪಶ್ಚಿಮ ಅಂಚು ಸಹ್ಯಾದ್ರಿಯ ಮಳೆಯಲ್ಲಿ ತೊಯ್ಯುತ್ತದೆ. ಪೂರ್ವದ ಅಂಚು ಮಳೆನೆರಳಿನಲ್ಲಿ ಒಣಗುತ್ತದೆ. ಕೃಷ್ಣೆ ಒಂದು ಕಡೆ, ಭೀಮೆ ಇನ್ನೊಂದು ಕಡೆ ಹರಿದು ಹೋಗುವುದರಿಂದ ನಡುವಣ ಈ ಎತ್ತರದ ನೆಲ ಎರಡು ನದಿಗಳಿಗೂ ನೀರು ಕಳಿಸುತ್ತದೆಯೇ ಹೊರತು ಯಾವುದರಿಂದಲೂ ಪಡೆಯುವುದಿಲ್ಲ. ಡೋಣಿ ನದಿ ಹುಟ್ಟುವುದು ಈ ತಾಲೂಕಿನಲ್ಲಿಯೇ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ವಿಜಯಪುರ ಜಿಲ್ಲೆಯ ಕರಿಮಣ್ಣಿಗೆ ಸಲ್ಲುತ್ತದೆ. ಅದರ ಉಗಮದ ಸೀಮೆಗೆ ಆ ಭಾಗ್ಯವಿಲ್ಲ. ತೆಳುಮಣ್ಣು, ಕಲ್ಲುನೆಲ, ಜೋಳ, ಸಜ್ಜೆ, ಕುರಿ ಇವು ಇಲ್ಲಿಯ ಹಳೆಯ ಬದುಕು. ಮಾಡಗ್ಯಾಳದ ಕುರಿತಳಿ ಇದೇ ತಾಲೂಕಿನ ಹಳ್ಳಿಯೊಂದರ ಹೆಸರನ್ನು ಹೊತ್ತಿದೆ. ದ್ರಾಕ್ಷಿ, ದಾಳಿಂಬೆಗಳು ಈಚಿನವು. ಅವು ಬಂದದ್ದೂ ಕೊಳವೆಬಾವಿಯ ನೀರು ಸಿಕ್ಕ ಕಡೆ ಮಾತ್ರ.

ದಾನಮ್ಮನ ಐತಿಹ್ಯವು ಅವಳನ್ನು 12ನೆಯ ಶತಮಾನಕ್ಕೆ, ಬಸವಣ್ಣನ ಕಾಲಕ್ಕೆ ಸೇರಿಸುತ್ತದೆ. ಉಮರಾಣಿಯಲ್ಲಿ ಲಿಂಗಮ್ಮ ಎಂಬ ಹೆಸರಿನಿಂದ ಹುಟ್ಟಿ, ಕಲ್ಯಾಣಕ್ಕೆ ಹೋಗಿ, ದಾಸೋಹದ ಕಾಯಕದಿಂದ ದಾನಮ್ಮ ಎನಿಸಿಕೊಂಡು, ಕೊನೆಗೆ ಗುಡ್ಡಾಪುರದಲ್ಲಿ ನೆಲೆನಿಂತಳೆಂಬುದು ಅದರ ಸಾರ. ಭಕ್ತಿಯ ಪರಂಪರೆಯಲ್ಲಿ ಮತ್ತೆಮತ್ತೆ ಹೇಳಿ ಬೆಳೆದ ಈ ಕಥೆಯನ್ನು ಶತಮಾನದ ಸಾಕ್ಷ್ಯವೆಂದು ಹಿಡಿಯಲಾಗದು. ಆದರೆ ಅದರ ಭೂಗೋಳ ಗಮನಾರ್ಹವಾದುದು. ಕಳಚುರಿ ಬಿಜ್ಜಳನ ಮೊದಲ ನೆಲೆಯಾದ ಮಂಗಳವೇಢೆ ಜತ್ತಕ್ಕೆ ಹೊಂದಿಕೊಂಡ ತಾಲೂಕು. ಬಸವಣ್ಣನ ಬಾಳಿನ ಒಂದು ಘಟ್ಟವನ್ನೂ ಪರಂಪರೆ ಅಲ್ಲಿಯೇ ಇರಿಸುತ್ತದೆ. ಆದ್ದರಿಂದ ಉಮರಾಣಿಯ ಹೆಣ್ಣುಮಗಳೊಬ್ಬಳು ಕಲ್ಯಾಣದ ದಾರಿ ಹಿಡಿದಳೆಂಬುದು ಕಥೆ ಕಟ್ಟಿದವರಿಗೆ ದೂರದ ಕಲ್ಪನೆಯಾಗಿರಲಿಲ್ಲ. ಇಂದು ಗಡಿನಾಡು ಎನಿಸಿಕೊಳ್ಳುವ ಸೀಮೆ ಆ ನಕ್ಷೆಯಲ್ಲಿ ನಡುನಾಡಿಗೆ ಸಮೀಪ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದಿಂದ ಗುಡ್ಡಾಪುರಕ್ಕೆ ಪಾದಯಾತ್ರೆ ಬರುವವರು ಆ ಹಳೆಯ ನಕ್ಷೆಯನ್ನೇ ಇಂದಿಗೂ ತುಳಿಯುತ್ತಿದ್ದಾರೆ.

ಇನ್ನು ಕಾಳಗ. 1672ರ ನವೆಂಬರಿನಲ್ಲಿ ಎರಡನೆಯ ಅಲಿ ಆದಿಲಶಾಹ ತೀರಿಕೊಂಡನು. ಬಾಲಕ ಸಿಕಂದರನ ಹೆಸರಿನಲ್ಲಿ ಖವಾಸಖಾನನು ಆಡಳಿತ ನಡೆಸುತ್ತಿದ್ದ ಆ ದುರ್ಬಲ ಹೊತ್ತಿನಲ್ಲಿ, 1673ರ ಮಾರ್ಚಿನಲ್ಲಿ, ಶಿವಾಜಿಯ ಪಡೆ ಪನ್ಹಾಳಗಡವನ್ನು ಗೆದ್ದಿತು. ಅದನ್ನು ಮರಳಿ ಪಡೆಯಲು ಬಿಜಾಪುರವು ಬಹಲೋಲಖಾನನನ್ನು ಕಳಿಸಿತು. ಮರಾಠಾ ಸರನೌಬತ ಪ್ರತಾಪರಾವ ಗುಜರನು ಅವನನ್ನು ಎದುರಿಸಿದ್ದು ಉಮರಾಣಿಯ ಬಳಿ, ಬಿಜಾಪುರದಿಂದ ಪಶ್ಚಿಮಕ್ಕೆ 36 ಮೈಲಿ ದೂರದಲ್ಲಿ. ಏಪ್ರಿಲ್ ಮಧ್ಯದ ಬಿಸಿಲು. ಪ್ರತಾಪರಾವನು ಕತ್ತಿಗಿಂತ ಮೊದಲು ನೆಲವನ್ನು ಓದಿದನು: ಖಾನನ ದಂಡಿಗೆ ಆಧಾರವಾಗಿದ್ದ ನೀರಿನ ನೆಲೆಗೆ ಅಡ್ಡವಾಗಿ ತನ್ನ ಕುದುರೆಪಡೆಯನ್ನು ನಿಲ್ಲಿಸಿದನು. ಆನೆ, ಕುದುರೆ, ಆಳುಗಳ ಬಾಯಾರಿಕೆ ಉಳಿದುದನ್ನು ಮಾಡಿತು. ಕಡುಹೋರಾಟದ ಬಳಿಕ ಬಹಲೋಲಖಾನನು ದಾರಿ ಬೇಡಿದನು, ಪ್ರತಾಪರಾವನು ಬಿಟ್ಟುಕೊಟ್ಟನು.

ಹಾಗೆ ಬಿಟ್ಟುದಕ್ಕೆ ಶಿವಾಜಿ ಸಿಟ್ಟಾದದ್ದು, ಖಾನನು ಮತ್ತೆ ದಂಡೆತ್ತಿ ಬಂದದ್ದು, 1674ರ ಫೆಬ್ರುವರಿಯಲ್ಲಿ ನೇಸರಿಯ ಬಳಿ ಪ್ರತಾಪರಾವನು ಆರೇ ಜನ ಸವಾರರೊಡನೆ ಶತ್ರುದಂಡಿನ ಮೇಲೆ ನುಗ್ಗಿ ಮಡಿದದ್ದು ಮರಾಠಿಯಲ್ಲಿ ಚೆನ್ನಾಗಿ ತಿಳಿದ ಕಥೆ. ಸಭಾಸದನ ಬಖರಿನಿಂದ ಹಿಡಿದು 1826ರ ಗ್ರಾಂಟ್ ಡಫನ ಗ್ರಂಥ, 1919ರ ಜದುನಾಥ ಸರಕಾರರ ಗ್ರಂಥಗಳವರೆಗೆ ಆ ಸರಣಿ ಸಾಗಿ ಬಂದಿದೆ. ನೇಸರಿಗೆ ಕುಸುಮಾಗ್ರಜರ ಪ್ರಸಿದ್ಧ ಕವಿತೆಯೂ ದೊರಕಿತು. ಗೆದ್ದ ಉಮರಾಣಿಯಾದರೋ ಸೋತ ನೇಸರಿಯ ಪೀಠಿಕೆಯಾಗಿ ಉಳಿಯಿತು. ಸಾಹಿತ್ಯಕ್ಕೆ ಬಲಿದಾನ ಬೇಕು, ಬಾಯಾರಿಕೆಯ ಗೆಲುವು ಅದಕ್ಕೆ ಒದಗುವುದಿಲ್ಲವೆಂದು ತೋರುತ್ತದೆ. ಎಲ್ಲಕ್ಕಿಂತ ದೊಡ್ಡ ಮೌನ ಮಾತ್ರ ಬೇರೆ. ಎರಡು ದಂಡುಗಳು ಹೊಡೆದಾಡಿದ ಆ ನೀರು ಸುತ್ತಣ ಹಳ್ಳಿಗರು ಬೇಸಗೆಗೆಂದು ನಂಬಿಕೊಂಡಿದ್ದ ನೀರೂ ಆಗಿದ್ದಿರಬೇಕು. ಅವರು ಆ ದಿನ ಎಲ್ಲಿಂದ ಕೊಡ ತುಂಬಿದರೆಂದು ಯಾವ ಬಖರೂ ಕೇಳಿಲ್ಲ.

ಮುಂದಿನ ಎರಡು ಶತಮಾನಗಳನ್ನು ಜತ್ತ ಸಂಸ್ಥಾನದ ಚರಿತ್ರೆಯಾಗಿಯೇ ನೋಡಬೇಕಾಗುತ್ತದೆ. ಡಫಳಾಪುರದ ಪಾಟೀಲಿಕೆಯಿಂದ ಮೇಲೆದ್ದ ಡಫಳೆ ಮನೆತನವು ಆದಿಲಶಾಹಿಯ ಸೇವೆಯಲ್ಲಿ ದೇಶಮುಖಿ ವತನ ಗಳಿಸಿ, ಬಿಜಾಪುರ ಬಿದ್ದ ಮೇಲೆಯೂ ಉಳಿದುಕೊಂಡಿತು. 1820ರಲ್ಲಿ ಕಂಪನಿ ಸರಕಾರವು ಈ ಜಹಗೀರಿನೊಡನೆ ಕರಾರು ಮಾಡಿಕೊಂಡಾಗ ಸಾತಾರೆಯಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದವನು ಅದೇ ಗ್ರಾಂಟ್ ಡಫ್. 1849ರಲ್ಲಿ ಸಾತಾರೆ ಬ್ರಿಟಿಷರ ವಶವಾದ ಬಳಿಕ ಜತ್ತವು ನೇರವಾಗಿ ಅವರ ಅಧೀನ ಸಂಸ್ಥಾನವಾಯಿತು. ಮುಂದೆ ಬಿಜಾಪುರದ ಕಲೆಕ್ಟರನೇ ಅದರ ಪೊಲಿಟಿಕಲ್ ಏಜೆಂಟನಾಗಿದ್ದ ಕಾಲವೂ ಬಂದಿತು. ಭಾಷೆಯ ವಾದಗಳು ಹುಟ್ಟುವುದಕ್ಕೆ ಮೊದಲೇ, ಕೇವಲ ಆಡಳಿತದ ಅನುಕೂಲಕ್ಕಾಗಿ, ಈ ಸೀಮೆಯನ್ನು ಬಿಜಾಪುರದಿಂದ ನೋಡಿಕೊಳ್ಳಲಾಗುತ್ತಿತ್ತು ಎಂಬುದು ಇಲ್ಲಿ ಮುಖ್ಯ.

1948ರ ಮಾರ್ಚ್ 8ರಂದು ಜತ್ತವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ರಚನೆಯಾದಾಗ ಅದನ್ನು ಅಲ್ಲಿಗೆ ಸೇರಿಸಲಾಯಿತು. 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದಿತು. ಗಡಿಯ ಪ್ರಶ್ನೆಯನ್ನು 1956ರಿಂದ ಎಣಿಸುವುದು ವಾಡಿಕೆ. ಉಮರಾಣಿಯಂಥ ಊರುಗಳ ಮಟ್ಟಿಗೆ ನಿರ್ಣಾಯಕವಾದದ್ದು ಅದಕ್ಕೂ ಹಿಂದಿನ ಈ ಜಿಲ್ಲಾ ರಚನೆ. 1956ರ ರಾಜ್ಯ ಪುನರ್ವಿಂಗಡಣೆ ಬಿಜಾಪುರ ಜಿಲ್ಲೆಯನ್ನು ಮೈಸೂರಿಗೆ ಕೊಟ್ಟಿತು. ದಕ್ಷಿಣ ಸಾತಾರೆ ಮುಂಬಯಿಯಲ್ಲೇ ಉಳಿಯಿತು. ಜತ್ತವು ತಾನಿದ್ದ ಜಿಲ್ಲೆಯೊಡನೆ ಹೋಯಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವು ಜತ್ತದ ಕೆಲವು ಹಳ್ಳಿಗಳನ್ನು ಮೈಸೂರಿಗೆ ಸೇರಿಸಬೇಕೆಂದಿತು. ವರದಿ ಜಾರಿಯಾಗಲಿಲ್ಲ. ಹೀಗೆ ಮನೆಯ ಮಾತು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಪಾಠ ಒಂದು ಭಾಷೆಯಲ್ಲಿ, ಹೊಲದ ಸಾತ್‌ಬಾರಾ ಉತಾರೆ ಇನ್ನೊಂದು ಭಾಷೆಯಲ್ಲಿ ಎಂಬ ಸ್ಥಿತಿ ತಾಲೂಕಿನ ಕನ್ನಡ ಊರುಗಳಿಗೆ ರೂಢಿಯಾಯಿತು.

ಈ ಸ್ಥಿತಿಯನ್ನು ಕೊರತೆಯೆಂದಷ್ಟೇ ಎಣಿಸಬೇಕಾಗಿಲ್ಲ. ಇದೇ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಮರಾಠಿ ಸಂತರನ್ನೂ ಕನ್ನಡದ ಶರಣರು, ದಾಸರನ್ನೂ ಒಂದೇ ಅನುಭಾವದ ಬೆಳಕಿನಲ್ಲಿ ಓದಿದರು. ಉಮರಾಣಿಯ ಚರಿತ್ರೆಗೆ ಅಂಥ ಓದು ಇನ್ನೂ ಒದಗಿಲ್ಲ. ಕಾಳಗದ ಬರಹಗಳಲ್ಲಿ ಊರು ಒಂದು ರಣರಂಗ, ಶರಣೆಯ ಬರಹಗಳಲ್ಲಿ ಒಂದು ಜನ್ಮಸ್ಥಳ. ಎರಡರಲ್ಲಿಯೂ ಅದು ಬೇರೆಲ್ಲೋ ಮುಗಿಯುವ ಕಥೆಯ ಮೊದಲ ಪುಟ. ದಾಸೋಹದ ಅನ್ನ, ಕಾಳಗದ ನೀರು ಎರಡೂ ಒಂದೇ ಬರಗಾಲದ ನೆಲದಿಂದ ಅರ್ಥ ಪಡೆಯುತ್ತವೆ ಎಂಬುದು ಈ ಎರಡನ್ನೂ ಒಟ್ಟಿಗೆ ಇರಿಸಿದಾಗ ಮಾತ್ರ ಕಾಣುತ್ತದೆ.

ಆ ನೆಲದ ಮಾತು 2012ರಲ್ಲಿ ಮತ್ತೆ ಕೇಳಿಬಂದಿತು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಜತ್ತದ ಹಲವು ಗ್ರಾಮಗಳು ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವನ್ನು ನೆನಪಿಸಿದಾಗ ಎರಡೂ ರಾಜ್ಯಗಳ ವಿಧಾನಸಭೆಗಳು ಅಸ್ಮಿತೆಯ ಭಾಷೆಯಲ್ಲಿ ಮಾತನಾಡಿದವು. ಹಳ್ಳಿಗಳು ಮಾತ್ರ ನೀರಿನ ಭಾಷೆಯಲ್ಲಿಯೇ ಮಾತನಾಡುತ್ತಿದ್ದವು. ಮೀರಜ ತಾಲೂಕಿನಲ್ಲಿ ಕೃಷ್ಣೆಯಿಂದ ನೀರೆತ್ತುವ ಮ್ಹೈಸಾಳ ಯೋಜನೆಯನ್ನು ಜತ್ತದ ಉಳಿದ ಊರುಗಳಿಗೆ ವಿಸ್ತರಿಸುವ ಕೆಲಸಕ್ಕೆ ಮಹಾರಾಷ್ಟ್ರವು ಆ ಬಳಿಕ ಚುರುಕು ಕೊಟ್ಟಿತು. ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತ ತಾಲೂಕಿನ ತಿಕೋಂಡಿಯ ಕೆರೆಗೆ ಹರಿದು ಬಂದಿತು.