ಫಿಟ್ಸ್ ಮಾತ್ರೆ ಚೀಟಿ: ಡಾಕ್ಟರ್ ಯಾವ ಲೆಕ್ಕದಲ್ಲಿ ಬರೀತಾರೆ? ಮನೆಯವರು ಏನು ಕೇಳಬೇಕು?

ಚೇಳೂರು: ಮನೇಲಿ ಒಬ್ಬರಿಗೆ ಫಿಟ್ಸ್ (ಮೂರ್ಛೆ ರೋಗ) ಇದ್ದರೆ ಆ ಮಾತ್ರೆ ಚೀಟಿ ವರ್ಷಗಟ್ಟಲೆ ಬೀರುವಿನಲ್ಲೇ ಇರುತ್ತೆ. ಮಾತ್ರೆ ಖಾಲಿಯಾದಾಗ ಅದನ್ನೇ ಮೆಡಿಕಲ್ ಸ್ಟೋರಿಗೆ ತೋರಿಸಿ ಸ್ಟ್ರಿಪ್ ತರ್ತಾರೆ. ಈ ಮಾತ್ರೆನೇ ಯಾಕೆ, ಎರಡು ಬಗೆ ಯಾಕೆ ಅಂತ ಕೇಳೋರು ಕಡಿಮೆ. ಆದರೆ ಡಾಕ್ಟರುಗಳಿಗೂ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿ ಇದೆ. ಎಲ್ಲ ಚೀಟಿಗಳೂ ಅದರಂತೆ ಇರೋದಿಲ್ಲ.

ಮೊದಲೇ ಒಂದು ಮಾತು: ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ದಿಢೀರನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ.

ಮೊದಲು ಒಂದೇ ಮಾತ್ರೆ

ಜ್ವರ ಏರಿ ಮಗುವಿಗೆ ಒಮ್ಮೆ ಫಿಟ್ಸ್ ಬಂದರೆ ಸಾಮಾನ್ಯವಾಗಿ ದಿನಾ ಮಾತ್ರೆ ಬೇಕಿಲ್ಲ. ಬೇರೆ ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಮೂರ್ಛೆ ರೋಗ ಅಂತ ಲೆಕ್ಕ. ಆಗ ಒಂದೇ ಔಷಧಿ, ಕಡಿಮೆ ಡೋಸ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕು. ಪೂರ್ತಿ ಡೋಸ್ ಕೊಟ್ಟರೂ ನಿಲ್ಲದಿದ್ದರೆ ಇನ್ನೊಂದಕ್ಕೆ ಬದಲಾಯಿಸೋದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100ಕ್ಕೆ 47 ಮಂದಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಂತಿತ್ತು, ಎರಡನೇದರಲ್ಲಿ ಇನ್ನೂ 13 ಮಂದಿಗೆ. ಮೊದಲನೇದರ ಡೋಸ್ ಏರಿಸಿ ನೋಡೋ ಮೊದಲೇ ಎರಡನೇದು ಸೇರಿಸೋದೇ ಮಾರ್ಗಸೂಚಿ ತಪ್ಪುವ ಮುಖ್ಯ ಜಾಗ. ಹಾಗಂತ ಎರಡು ಮಾತ್ರೆ ಇರೋ ಚೀಟಿಯೆಲ್ಲ ತಪ್ಪಲ್ಲ, ಕೆಲವರಿಗೆ ಬೇಕೇ ಬೇಕು. 'ಒಂದರಲ್ಲೇ ಆಗಲ್ವಾ ಸಾರ್?' ಅಂತ ಕೇಳೋದು ಮಾತ್ರ ತಪ್ಪಲ್ಲ.

ದುಬಾರಿ ಮಾತ್ರೆಯೇ ಒಳ್ಳೇದು ಅನ್ನೋದೂ ನಿಜವಲ್ಲ. ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರು ಕಡೆ 1990ರ ದಶಕದಲ್ಲಿ ಮನೆಮನೆ ಸುತ್ತಿ ರೋಗಿಗಳನ್ನು ಹುಡುಕಿ, ಅಗ್ಗದ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ನೋಡಿತು. 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶ: ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡಿದವು. ಫಿಟ್ಸ್ ಹೆಚ್ಚು ಸಲ ಬರೋ ಮೊದಲೇ ಶುರು ಮಾಡಿ, ತಪ್ಪದೆ ನುಂಗಿದವರಿಗೆ ಫಲ ಚೆನ್ನಾಗಿತ್ತು.

ಹೆಣ್ಣುಮಕ್ಕಳ ಚೀಟಿಯಲ್ಲಿ ವಾಲ್ಪ್ರೊಯೇಟ್ ಇದೆಯಾ?

ಇದನ್ನು ಇವತ್ತೇ ನೋಡಿ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಸೋಡಿಯಂ ವಾಲ್ಪ್ರೊಯೇಟ್ ಅಥವಾ ಡೈವಾಲ್ಪ್ರೊಯೆಕ್ಸ್ ಅಂತಿರುತ್ತೆ. ಫಿಟ್ಸ್ ನಿಲ್ಲಿಸೋದರಲ್ಲಿ ಇದು ಗಟ್ಟಿ ಔಷಧಿ. ಆದರೆ ಗರ್ಭಿಣಿ ತಗೊಂಡರೆ 100ರಲ್ಲಿ ಸುಮಾರು 10 ಮಕ್ಕಳಿಗೆ ಬೆನ್ನುಹುರಿ, ಹೃದಯ, ತುಟಿ ಹೀಗೆ ಹುಟ್ಟು ದೋಷ ಬರಬಹುದು, 30ರಿಂದ 40 ಮಕ್ಕಳಿಗೆ ಕಲಿಕೆ, ಬೆಳವಣಿಗೆಯ ತೊಂದರೆ ಆಗಬಹುದು. ಅದಕ್ಕೇ ಹೆರುವ ವಯಸ್ಸಿನವರಿಗೆ, ಬೇರೆ ದಾರಿ ಇರೋವರೆಗೆ ಇದು ಬೇಡ ಅನ್ನುತ್ತೆ ಮಾರ್ಗಸೂಚಿ. ಲೆವೆಟಿರಾಸೆಟಮ್ ಅಥವಾ ಲ್ಯಾಮೋಟ್ರಿಜಿನ್ ನೋಡಬಹುದು. ಬದಲಾವಣೆಗೆ ತಿಂಗಳುಗಳು ಬೇಕು, ಹಾಗಾಗಿ ಮದುವೆ ಮಾತುಕತೆಗೂ ಮೊದಲೇ ಡಾಕ್ಟರ್ ಹತ್ರ ಹೋಗೋದು ವಾಸಿ. ಫೋಲಿಕ್ ಆ್ಯಸಿಡ್ ಕೂಡ ಗರ್ಭ ನಿಲ್ಲೋ ಮೊದಲಿನಿಂದಲೇ ಬೇಕು. ಈಗಾಗಲೇ ಬಸುರಿಯಾಗಿದ್ದರೆ ಮಾತ್ರೆ ಬಿಡದೆ, ತಡ ಮಾಡದೆ ಡಾಕ್ಟರನ್ನು ನೋಡಬೇಕು.

ಮದುವೆ ಗೊತ್ತಾದ ಮೇಲೆ ಗುಟ್ಟು ಬಯಲಾಗದಿರಲಿ ಅಂತ ಹುಡುಗಿಯ ಮಾತ್ರೆ ನಿಲ್ಲಿಸೋ ಮನೆಗಳಿವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಅಂತಿದ್ದ ಮೂರ್ಛೆ ರೋಗವನ್ನು 1999ರಲ್ಲೇ ತೆಗೆದಿದ್ದಾರೆ. ಮನೆಯವರ ಭಯ ಮಾತ್ರ ಇನ್ನೂ ಹೋಗಿಲ್ಲ.

ತಲೆಗೆ ಬಿಸಿನೀರು ಹುಯ್ದಾಗ ಮಾತ್ರ ಬಂದರೆ

ಇದು ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚು. ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಹುಯ್ಕೊಳ್ಳುವಾಗ ಮಂಕು ಹಿಡಿಯುತ್ತೆ, ಬಿದ್ದುಬಿಡ್ತಾರೆ. ನಿಮ್ಹಾನ್ಸ್ ವೈದ್ಯರು 1988ರಲ್ಲೇ ಇಂಥ 279 ಮಂದಿಯ ಬಗ್ಗೆ ಬರೆದಿದ್ದಾರೆ. ದೆವ್ವದ ಮಾತು ಬೇಡ, ದಿನಾ ಮಾತ್ರೆಯೂ ಎಲ್ಲರಿಗೂ ಬೇಡ. ಮೊದಲು ನೀರು ಉಗುರುಬೆಚ್ಚಗಿರಲಿ. ಆದರೂ ಬಂದರೆ ತಲೆಸ್ನಾನಕ್ಕೆ ಒಂದೂವರೆ–ಎರಡು ಗಂಟೆ ಮೊದಲು ಕ್ಲೋಬಜಾಮ್ ನುಂಗಲು ಡಾಕ್ಟರ್ ಬರೆಯಬಹುದು. ಸ್ನಾನವಿಲ್ಲದಾಗಲೂ ಬರುತ್ತಿದ್ದರೆ ಮಾತ್ರ ದಿನನಿತ್ಯದ ಮಾತ್ರೆ. ಬಚ್ಚಲುಮನೆ ಚಿಲಕ ಹಾಕಬೇಡಿ.

ಮೆಡಿಕಲ್ ಸ್ಟೋರಿನವರಿಗೆ

ಫೆನಿಟಾಯಿನ್ ವಿಷಯದಲ್ಲಿ ಡೋಸ್ ಸ್ವಲ್ಪ ಏರುಪೇರಾದರೂ ರಕ್ತದಲ್ಲಿ ಪ್ರಮಾಣ ಬಹಳ ಬದಲಾಗುತ್ತೆ. ಕಂಪನಿ ಬದಲಾದರೆ ಗಿರಾಕಿಗೆ ಹೇಳಿ, ಡಾಕ್ಟರಿಗೆ ತಿಳಿಸಲು ಹೇಳಿ. ಸಿಆರ್ ಅಂತ ಬರೆದಿದ್ದರೆ ಸಾದಾ ಮಾತ್ರೆ ಕೊಡಬೇಡಿ.

ಎಲ್ಲಿ ತೋರಿಸೋದು

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮಾನಸಿಕ ತಜ್ಞರು ಬರುವ 'ಮನೋಚೈತನ್ಯ' ಕಾರ್ಯಕ್ರಮ 2014ರಿಂದ ಇದೆ, ಅಲ್ಲಿ ಫಿಟ್ಸ್ ರೋಗಿಗಳನ್ನೂ ನೋಡ್ತಾರೆ. ಗುಬ್ಬಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೊರಡಿ. ಹಳೇ ಚೀಟಿ, ಖಾಲಿ ಸ್ಟ್ರಿಪ್, ಫಿಟ್ಸ್ ಬಂದ ತಾರೀಕುಗಳ ಪಟ್ಟಿ ಜೊತೆಗಿರಲಿ. ಬಂದಾಗ ಯಾರಾದರೂ ಮೊಬೈಲಲ್ಲಿ ವಿಡಿಯೋ ಮಾಡಿದ್ದರೆ ಅದನ್ನೂ ತೋರಿಸಿ, ಯಾವ ಬಗೆಯ ಫಿಟ್ಸ್ ಅಂತ ತಿಳಿಯಲು ಡಾಕ್ಟರಿಗೆ ತುಂಬಾ ಅನುಕೂಲ.