ಮಳೆಯನ್ನು ಶಪಿಸಿದ ಸೈನಿಕ

ಯುದ್ಧದಿಂದ ಮರಳಿದವನ ಮನೋವ್ಯಾಧಿಗೆ ಮದ್ದು ಎಲ್ಲಿದೆ? ಅಮೆರಿಕದ ಲಗೂನಾ ಪ್ಯೂಬ್ಲೊ ಮೂಲನಿವಾಸಿಗಳ ನಡುವೆ ಬೆಳೆದ ಲೆಸ್ಲಿ ಮಾರ್ಮನ್ ಸಿಲ್ಕೊ 1977ರಲ್ಲಿ ಪ್ರಕಟಿಸಿದ ‘ಸೆರಿಮನಿ’ ಕಾದಂಬರಿಯ ಪ್ರಶ್ನೆಯಿದು.

ಎರಡನೆಯ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್ ಕಾಡಿನ ಜಡಿಮಳೆಯನ್ನು ಶಪಿಸಿದ ಟಾಯೊ ಊರಿಗೆ ಬಂದರೆ ಅಲ್ಲಿ ಬರಗಾಲ. ತನ್ನ ಶಾಪದಿಂದಲೇ ನೆಲ ಒಣಗಿತೆಂದು ಅವನು ಕೊರಗುತ್ತಾನೆ. ‘ನಾವು’ ಎನ್ನಬೇಡ, ನಿನ್ನನ್ನಷ್ಟೇ ನೋಡಿಕೋ ಎಂಬುದು ಸೈನಿಕ ವೈದ್ಯರ ಸಲಹೆ. ಆದರೆ ಬೆಟೊನಿ ಎಂಬ ನಾಟಿವೈದ್ಯನ ಹಾದಿ ಬೇರೆ. ಅದನ್ನು ಹಿಡಿದ ಟಾಯೊ ಸೋದರಮಾವನ ಕಳೆದುಹೋದ ದನಗಳನ್ನು ಅರಸುತ್ತ ಬೆಟ್ಟ ಹತ್ತುತ್ತಾನೆ; ಗಿಡ, ನೀರು, ಕಥೆಗಳ ನಂಟು ಮರಳಿ ಕೂಡುತ್ತದೆ. ಕೊನೆಗೆ, ಪಾಳುಬಿದ್ದ ಯುರೇನಿಯಂ ಗಣಿಯ ಬಳಿ, ಸೇಡಿಗೆಂದು ಎತ್ತಬಹುದಾಗಿದ್ದ ಕೈಯನ್ನು ತಾನೇ ತಡೆದುಕೊಳ್ಳುತ್ತಾನೆ.

ಗಣಿ ಬರಿಯ ಕಲ್ಪನೆಯೆಂದು ತಿಳಿಯಬೇಡಿ. 1945ರ ಜುಲೈ 16ರಂದು ಮೊದಲ ಅಣುಬಾಂಬ್ ಪರೀಕ್ಷೆ ನಡೆದದ್ದು ಇದೇ ನ್ಯೂ ಮೆಕ್ಸಿಕೊದಲ್ಲಿ. ಲಗೂನಾ ನೆಲದಲ್ಲಿ ಜಾಕ್‌ಪೈಲ್ ಯುರೇನಿಯಂ ಗಣಿ 1953ರಿಂದ 1982ರವರೆಗೆ ನಡೆಯಿತು. ಗಣಿಯ ಗುಂಡಿಗಳಿಗೆ ಮಣ್ಣು ತುಂಬುವ ಕೆಲಸ 1995ರಲ್ಲಿ ಮುಗಿದರೂ, 2013ರಲ್ಲಿ ಸರ್ಕಾರ ಅದನ್ನು ಅಪಾಯಕಾರಿ ತಾಣಗಳ ಪಟ್ಟಿಗೆ ಸೇರಿಸಬೇಕಾಯಿತು.

ಗಾಯ ನೆಲಕ್ಕೂ ಆಗಿರುವಾಗ, ಒಬ್ಬನೇ ವಾಸಿಯಾಗುವುದು ಹೇಗೆ? ನೀವೇ ಯೋಚಿಸಿ.